ದೋಣಿಬಾಲದ ಕಾರು, ಅಮ್ಮನ ಹೆಸರು

ಮಂಗಳೂರಿನ ನನ್ನ ಅಂಗಳಕ್ಕೆ ಹಳೇ ಕಾರು ಕೊಳ್ಳಲು ಬರುವವರು ಮೊದಲು ಬಾನೆಟ್ ಎತ್ತಿಸುತ್ತಾರೆ, ಆಮೇಲೆ ಟಯರಿಗೆ ಒದೆಯುತ್ತಾರೆ. ಎರಡೂ ದಂಡ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲನ್ನು ಫಕ್ಕನೆ ತೆಗೆದು ಮೂಗನ್ನು ಒಳಗೆ ಹಾಕಿ, ಅದು ಸರಿಯಾದ ಕ್ರಮ. ಎಂಜಿನನ್ನು ತೊಳೆದು ಹೊಳೆಯಿಸಬಹುದು, ಕಿಲೋಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ, ಆದರೆ ಸೀಟಿನ ಹೊಟ್ಟೆಯೊಳಗೆ ಕೂತ ವಾಸನೆ ಯಾರ ಮಾತನ್ನೂ ಕೇಳುವುದಿಲ್ಲ. ನೆರೆನೀರು ಹೊಕ್ಕ ಕಾರು ಯಾವುದು, ನಾಯಿ ಸಾಕಿದವರ ಕಾರು ಯಾವುದು ಎಂದು ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಈ ಬುದ್ಧಿಯನ್ನು ಯಾರೂ ನನಗೆ ಕೂರಿಸಿ ಕಲಿಸಲಿಲ್ಲ. ದೋಹಾದಲ್ಲಿ ನಾವು ಸಂಸಾರ ಹೂಡಿದ್ದ ಮನೆಯಲ್ಲಿ, ನಮ್ಮದಲ್ಲದ ಒಂದು ಕಾರಿನಿಂದ ಕಲಿತದ್ದು. ಕಲಿತದ್ದನ್ನು ಹತ್ತು ಜನರಿಗೆ ಹಂಚುವುದು ನನಗೆ ಇಷ್ಟ. ಕಲಿತ ಬಗೆಯನ್ನು ಹೇಳುವಾಗ ಮಾತ್ರ ಈಗಲೂ ಕಿವಿ ಬಿಸಿಯಾಗುತ್ತದೆ.

ಅಪ್ಪ ವಾಸುದೇವ ಮಲ್ಪೆಯವನು. ಎಸ್ಸೆಸ್ಸೆಲ್ಸಿ ದಾಟದೆ ಮುಂಬೈಗೆ ಹೋಗಿ, ಅಲ್ಲಿಂದ ದೋಹಾಕ್ಕೆ ಬಂದು, ಅಬೂ ನಾಸರ್ ಎಂಬ ಕತಾರಿಯೊಬ್ಬರ ಮೋಟಾರು ಬಿಡಿಭಾಗದ ಅಂಗಡಿಯಲ್ಲಿ ಕೌಂಟರಿಗೆ ನಿಂತವನು. ಅಬೂ ನಾಸರ್ ಎಂದರೆ ನಾಸರನ ತಂದೆ. ಅಲ್ಲಿನ ಹಿರಿಯರನ್ನು ಮೊದಲ ಮಗುವಿನ ಹೆಸರು ಹಿಡಿದು ಕರೆಯುವುದೇ ಮರ್ಯಾದೆ. ಅಂಗಡಿಯ ಉಳಿದವರೆಲ್ಲ ಒಂದು ಕೋಣೆಯಲ್ಲಿ ಒಂದರ ಮೇಲೊಂದು ಅಟ್ಟದ ಮಂಚ ಹಾಕಿಕೊಂಡು ಮಲಗುತ್ತಿದ್ದ ಕಾಲದಲ್ಲಿ ಅಪ್ಪ ನಮ್ಮನ್ನು ಊರಿನಿಂದ ಕರೆಸಿಕೊಂಡ. ಅದು ಅವನ ಸಂಬಳದ ಮಹಿಮೆಯಲ್ಲ, ಬಾಯಿಯ ಮಹಿಮೆ. ದೋಹಾ ಅಲ್ ಜದೀದಾದ ಓಣಿಯೊಂದರಲ್ಲಿ, ದರ್ಜಿ ಅಂಗಡಿಗಳ ಸಾಲಿನ ಹಿಂದೆ, ಅಬೂ ನಾಸರರ ತಂದೆಯ ಕಾಲದ ಒಂದು ಒಂಟಿ ಅಂತಸ್ತಿನ ಮನೆಯಿತ್ತು. ಅವರು ಹೊಸ ಬಂಗಲೆಗೆ ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ಒಂದು ಕಾರು ಮಾತ್ರ. ಆ ಕಾರನ್ನು ಹಗಲಿರುಳು ನೋಡಿಕೊಳ್ಳುತ್ತೇನೆ, ಹಿಂದಿನ ಎರಡು ಕೋಣೆಯಲ್ಲಿ ಸಂಸಾರದೊಂದಿಗೆ ಇರಲು ಬಿಡಿ ಎಂದು ಅಪ್ಪ ಕೇಳಿದ. ಅವರು ಒಪ್ಪಿದರು. ನಾವು ಬಂದಿಳಿದ ದಿನ ಅಪ್ಪ ಆ ವ್ಯಾಪಾರವನ್ನು ಅಮ್ಮನಿಗೆ ವಿವರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಾಡಿಗೆ ಇಲ್ಲ, ಕರೆಂಟು ಅವರದ್ದು, ನೀರು ಅವರದ್ದು. ನಾವು ಮಾಡ್ಬೇಕಾದ್ದು ಎಂತ? ಒಂದು ಕಾರನ್ನು ಕಾಯುದು. ನಾಯಿ ಆದ್ರೆ ಊಟ ಹಾಕ್ಬೇಕು, ಇದಕ್ಕೆ ಅದೂ ಬೇಡ."

"ಅದಕ್ಕೆ ಎಂತಾದ್ರೂ ಆದ್ರೆ?" ಎಂದಳು ಅಮ್ಮ.

"ಆದ್ರೆ ನಾವು ಹೊರಗೆ. ನೀನೂ ಸುಜಿಯೂ ಸೀದಾ ಊರಿಗೆ, ನಾನು ಪುನಃ ಅಟ್ಟಕ್ಕೆ. ಹಾಗಾಗಿ ಆಗ್ಬಾರ್ದು, ಅಷ್ಟೆ."

ಆ ಕಾರು ಇದ್ದದ್ದು ಮಜ್ಲಿಸ್‌ನಲ್ಲಿ. ಮಜ್ಲಿಸ್ ಎಂದರೆ ಅರಬರ ಮನೆಯಲ್ಲಿ ಗಂಡಸರು ಅತಿಥಿಗಳನ್ನು ಕೂರಿಸುವ ದೊಡ್ಡ ಚಾವಡಿ, ಅದಕ್ಕೆ ಬೀದಿಯ ಕಡೆಯಿಂದ ಬೇರೆಯೇ ಬಾಗಿಲು. ಆ ಕಡೆಯ ಗೋಡೆಯನ್ನು ಒಡೆದು ಅಗಲವಾದ ಬಾಗಿಲು ಇರಿಸಿ ಕಾರನ್ನು ಒಳಗೆ ತಂದಿದ್ದರು. ಗೋಡೆಗೊರಗಿದ ಕೆಂಪು ಹಾಸುದಿಂಬುಗಳು ಹಾಗೆಯೇ ಇದ್ದವು, ನಡುವೆ ರತ್ನಗಂಬಳಿಯ ಮೇಲೆ, ಊಟಕ್ಕೆ ಕರೆಸಿಕೊಂಡ ನೆಂಟನ ಹಾಗೆ, ಆ ಕಾರು. ಎರಡನೇ ಮಹಾಯುದ್ಧಕ್ಕಿಂತ ಮುಂಚಿನ ಅಮೆರಿಕದ ಸ್ಪೀಡ್‌ಸ್ಟರ್. ದಂತದ ಬಣ್ಣ. ಉದ್ದ ಮೂತಿಯ ಎಡಬದಿಯಿಂದ ಹೊಳೆಯುವ ದಪ್ಪ ಕೊಳವೆಗಳು ಹೊರಬಂದು ಕೆಳಕ್ಕೆ ಬಾಗಿದ್ದವು. ಕೂರಲು ಇಬ್ಬರಿಗೆ ಮಾತ್ರ ಜಾಗ, ಮೇಲೆ ಮಡಚುವ ಕ್ಯಾನ್ವಾಸು. ಹಿಂಭಾಗ ಮಾತ್ರ ನಮ್ಮ ಕಡೆಯ ದೋಣಿಯ ಹಾಗೆ ಚೂಪಾಗಿ ಮುಗಿಯುತ್ತಿತ್ತು. ಅದರ ಕಂಪೆನಿಯ ಹೆಸರು ಮೂತಿಯ ಮೇಲೆಯೇ ಇತ್ತು, ಆದರೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. "ದೋಣಿ" ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಮಜ್ಲಿಸ್‌ನಲ್ಲಿ ಎರಡು ಹೊಸ ಎ.ಸಿ.ಗಳು ವರ್ಷವಿಡೀ ಓಡಬೇಕು ಎಂಬುದು ಒಪ್ಪಂದದ ಮೊದಲ ಷರತ್ತು. ನಮ್ಮ ಮಲಗುವ ಕೋಣೆಗಿದ್ದದ್ದು ಕಿಟಕಿಗೆ ಸಿಕ್ಕಿಸಿದ ಹಳೇ ಪೆಟ್ಟಿಗೆ, ಅದು ತಂಪಿಗಿಂತ ಹೆಚ್ಚು ಸದ್ದು ಕೊಡುತ್ತಿತ್ತು. ಅಡುಗೆಮನೆಗೆ ಏನೂ ಇಲ್ಲ. ಜೂನ್ ಬಂತೆಂದರೆ ಅಮ್ಮ ಸೆರಗನ್ನು ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಂಡು ದೋಸೆ ಹೊಯ್ಯುತ್ತಿದ್ದಳು. ಮಜ್ಲಿಸ್‌ಗೂ ಹಿಂದಿನ ಕೋಣೆಗಳಿಗೆ ಹಾಯುವ ನಮ್ಮ ಇಕ್ಕಟ್ಟು ಓಣಿಕೋಣೆಗೂ ನಡುವೆ ಒಂದು ಬಾಗಿಲು, ಅದರ ಅಡಿಯಲ್ಲಿ ಬೆರಳಗಲದ ಸಂದು. ಆ ಸಂದಿನಿಂದ ಕಾರಿನ ತಂಪು ನಮ್ಮ ಕಡೆಗೆ ಸೋರುತ್ತಿತ್ತು. ನಾನು ನೆಲದ ಮೇಲೆ ಬೋರಲು ಮಲಗಿ, ಪಾದಗಳನ್ನು ಆ ಸಂದಿಗೆ ಒತ್ತಿ, ಶಾಲೆಯ ಪಾಠ ಬರೆಯುತ್ತಿದ್ದೆ. ಶಾಲೆಯ ಗೆಳತಿಯರು ಮನೆಗೆ ಬರುತ್ತೇವೆಂದರೆ ಏನಾದರೊಂದು ಸುಳ್ಳು ಹೇಳಿ ತಪ್ಪಿಸುತ್ತಿದ್ದೆ. ಕಾರಿಗೆ ಚಾವಡಿ, ಮನುಷ್ಯರಿಗೆ ಹಿತ್ತಿಲು ಎಂಬುದನ್ನು ಅವರಿಗೆ ಹೇಗೆ ತೋರಿಸುವುದು?

"ದೋಣಿಗೆ ಜ್ವರ ಬರ್ತದೆ, ನಮಗೆ ಬರುದಿಲ್ಲ," ಎಂದು ಅಮ್ಮ ಬೆವರು ಒರೆಸಿಕೊಳ್ಳುತ್ತಾ ಗೊಣಗುತ್ತಿದ್ದಳು.

"ನಿನ್ನ ಬೆಲೆಯೂ ಅಷ್ಟಿದ್ರೆ ನಿಂಗೂ ಎರಡು ಎ.ಸಿ. ಹಾಕಿಸ್ತಿದ್ದೆ ಮಾರಾಯ್ತಿ," ಎಂದು ಅಪ್ಪ ನಗುತ್ತಿದ್ದ. ಅದು ತಮಾಷೆ. ಅಮ್ಮನೂ ಒಮ್ಮೊಮ್ಮೆ ನಗುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ದೋಣಿಗೆ ಉಪಚಾರ. ಅಪ್ಪ ಸ್ನಾನ ಮಾಡಿ, ಒಗೆದ ಬನಿಯನ್ ಹಾಕಿ, ಬೀದಿಬಾಗಿಲು ತೆರೆದು, ಕಾರನ್ನು ಚಾಲೂ ಮಾಡುತ್ತಿದ್ದ. ಮೊದಲು ಒಂದು ಕೆಮ್ಮು, ಆಮೇಲೆ ಎಂಟು ಸಿಲಿಂಡರುಗಳ ದಪ್ಪ ಗುನುಗು. ವೇಗ ಹೆಚ್ಚಿಸಿದರೆ ಆ ಗುನುಗಿನ ಮೇಲೆ ಒಂದು ಸಣ್ಣ ಸಿಳ್ಳೆ ಏಳುತ್ತಿತ್ತು. ಎಂಜಿನಿಗೆ ಗಾಳಿ ನುಗ್ಗಿಸುವ ಸೂಪರ್‌ಚಾರ್ಜರಿನ ಸದ್ದದು ಎಂದು ಅಪ್ಪ ಹೇಳುತ್ತಿದ್ದ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಣ್ಣ ಲೋಹದ ಫಲಕವಿತ್ತು. ಮಾರುವ ಮೊದಲು ಈ ಕಾರನ್ನು ಗಂಟೆಗೆ ನೂರು ಮೈಲಿಗಿಂತ ಹೆಚ್ಚು ವೇಗದಲ್ಲಿ ಓಡಿಸಿ ನೋಡಲಾಗಿದೆ ಎಂದು ಅದರ ಮೇಲೆ ಕೊರೆದು, ಓಡಿಸಿದ ರೇಸುಗಾರನ ಸಹಿ ಹಾಕಿಸಿದ್ದರು. ಆ ಇಂಗ್ಲಿಷನ್ನು ನನಗೆ ಓದಿಸಿ ಅರ್ಥ ಹೇಳಿದವಳು ಅಮ್ಮ. ಅವಳು ಪಿಯುಸಿ ಪಾಸು, ಮದುವೆಗೆ ಮೊದಲು ಮೀನುಗಾರರ ಸೊಸೈಟಿಯಲ್ಲಿ ಕ್ಲರ್ಕು. ಊರಿನಲ್ಲಿ ಗಂಡಸರು ಅವಳ ಮೇಜಿನ ಎದುರು ನಿಂತು ಮಾತಾಡುತ್ತಿದ್ದರಂತೆ. ಇಲ್ಲಿ ಅವಳ ವೀಸಾದ ಮೇಲೆ ಹೆಂಡತಿ ಎಂದು ಬರೆದಿತ್ತು, ಕೆಲಸ ಮಾಡುವ ಹಾಗಿರಲಿಲ್ಲ. ಫಲಕವನ್ನು ಓದಿ ಮುಗಿಸಿ ಅವಳು ಒಂದು ಮಾತು ಅಂದಿದ್ದಳು.

"ನೂರು ಮೈಲಿ ಓಡುವಂಥಾದ್ದನ್ನು ಒಳಗೆ ಕೂರಿಸಿ ಗಾಳಿ ಹಾಕ್ತಾರೆ ನೋಡು ಮಗಾ."

ನಾವು ಹೋದ ಮೇಲೆ ಎರಡು ವರ್ಷ ಆ ಕಾರು ಬೀದಿಗಿಳಿಯಲಿಲ್ಲ. ಆ ಹೊತ್ತಿಗೆ ದೋಹಾದಲ್ಲಿ ಎಲ್ಲೆಲ್ಲೂ ಕ್ರೇನುಗಳು ಎದ್ದಿದ್ದವು, ಬಾಡಿಗೆಯೂ ಅವುಗಳ ಜೊತೆಗೇ ಏರುತ್ತಿತ್ತು. ಪಕ್ಕದ ಕಟ್ಟಡದಲ್ಲಿ ಲೀನಾ ಆಂಟಿ ಇದ್ದರು, ಉಡುಪಿಯ ಕಡೆಯ ಕ್ಯಾಥೊಲಿಕರು, ಒಂದು ಕಂಪೆನಿಯಲ್ಲಿ ಟೈಪಿಸ್ಟು. ಅವರ ಮನೆಯ ಮಾಲೀಕ ಒಂದೇ ಸಲಕ್ಕೆ ಬಾಡಿಗೆ ಏರಿಸಿದಾಗ ಮಕ್ಕಳಿಬ್ಬರನ್ನೂ ಅಜ್ಜಿಯ ಮನೆಗೆ ಕಳಿಸಿ, ತಾವು ಇನ್ನೊಬ್ಬರ ಫ್ಲಾಟಿನ ಒಂದು ಕೋಣೆಗೆ ಹೋದರು. ಹೋಗುವ ದಿನ ನಮ್ಮ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡು, ಆಮೇಲೆ ನಕ್ಕರು.

"ಸುಜಿಯ ಅಮ್ಮ, ನೀವು ಆ ಕಾರಿಗೆ ದಿನಕ್ಕೊಂದು ಮೊಂಬತ್ತಿ ಹಚ್ಚಿ. ಈ ದೋಹಾದಲ್ಲಿ ನಿಮ್ಮ ಸಂಸಾರವನ್ನು ಒಟ್ಟಿಗೆ ಇಟ್ಟದ್ದು ಅದುವೇ."

ಈಗ ಮೀನಿನ ವಿಷಯ. ಪ್ರತಿ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಬರುವಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳಲ್ಲಿ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿಯ ಜೊತೆ ಒಣಮೀನು ಬರುತ್ತಿತ್ತು. ಒಣ ಸಿಗಡಿ, ನಂಗು, ಬೊಳೆಂಜಿರು. ಮಳೆಗಾಲದಲ್ಲಿ ದೋಣಿಗಳು ದಡಕ್ಕೆ ಬಿದ್ದಾಗ ತಿನ್ನಲೆಂದು ಊರಿನವರು ಒಣಗಿಸಿ ಇಟ್ಟುಕೊಳ್ಳುವ ಮೀನು ಅದು. ದೋಹಾದಲ್ಲಿ ಮಳೆಗಾಲವಿಲ್ಲ, ಮಾರುಕಟ್ಟೆಯಲ್ಲಿ ವರ್ಷವಿಡೀ ತಾಜಾ ಮೀನು ಸಿಗುತ್ತದೆ, ಆದರೂ ಅಪ್ಪನಿಗೆ ಶುಕ್ರವಾರದ ಗಂಜಿಯ ಬದಿಗೆ ಒಣಸಿಗಡಿಯ ಚಟ್ನಿ ಇಲ್ಲದಿದ್ದರೆ ಮುಖ ಗಂಟಾಗುತ್ತಿತ್ತು. ಆ ವರ್ಷ ಅಡುಗೆಮನೆಯ ಸೆಕೆಗೆ ಹಳೆಯ ದಾಸ್ತಾನು ಎಣ್ಣೆ ಬಿಟ್ಟುಕೊಂಡು ಹಾಳಾಗಿತ್ತು. ಫ್ರಿಜ್ಜಿನಲ್ಲಿ ಹಾಲು ಮೊಸರಿನ ಪಕ್ಕ ಇಡಲು ಅಮ್ಮ ಬಿಡಲಿಲ್ಲ. ಅಪ್ಪ ಹೊಸ ಮೀನನ್ನು ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಬಿಸ್ಕತ್ತಿನ ದೊಡ್ಡ ಡಬ್ಬಿಗೆ ತುಂಬಿ, ಮಜ್ಲಿಸ್‌ನ ಬಾಗಿಲು ತೆಗೆದ. ಕಾರಿನ ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿದರೆ ಹಿಂದೆ ದೋಣಿಬಾಲದೊಳಗೆ ಸಾಮಾನಿಡುವ ಒಂದು ಕತ್ತಲ ಜಾಗವಿತ್ತು. ಒಣ, ತಂಪು, ಇರುವೆ ಇಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ.

"ಬೇಡ ಇವರೇ," ಅಮ್ಮ ಬಾಗಿಲಲ್ಲೇ ನಿಂತು ಹೇಳಿದಳು. "ಅದು ದೊಡ್ಡವರ ಗಾಡಿ. ಇವತ್ತಲ್ಲ ನಾಳೆ ಯಾರಾದ್ರೂ ತೆಗೀತಾರೆ."

"ಎರಡು ವರ್ಷದಿಂದ ತೆಗೀಲಿಲ್ಲ, ಈಗ ತೆಗೀತಾರಾ?"

"ವಾಸನೆ ಹಿಡೀತದೆ ಅದಕ್ಕೆ."

"ಗಾಡಿಗೆ ಮೂಗುಂಟಾ ನಿಂಗೆ? ಇಷ್ಟು ಒಳ್ಳೇ ತಂಪನ್ನು ಸುಮ್ಮನೆ ದಂಡ ಮಾಡುದು ಯಾಕೆ ಅಂತ ನಾನು ಹೇಳುದು."

ಅಪ್ಪನ ವ್ಯಾಪಾರಬುದ್ಧಿ ಹಾಗೆಯೇ. ಎಲ್ಲಿಯಾದರೂ ಏನಾದರೂ ಪುಕ್ಕಟೆ ಉಳಿದಿದೆ ಎಂದರೆ ಅವನಿಗೆ ಸಹಿಸುತ್ತಿರಲಿಲ್ಲ. ನಿಮಗೂ ಅಂಥ ಬುದ್ಧಿಯಿದ್ದರೆ ಒಂದು ಮಾತು ಕೇಳಿ: ಪುಕ್ಕಟೆ ಸಿಕ್ಕಿದ ಮೇಲೆ ಅಲ್ಲಿಗೆ ನಿಲ್ಲಿಸಬೇಕು. ಅದರ ಮೇಲೆ ಇನ್ನೊಂದು ಪುಕ್ಕಟೆ ಎಳೆಯಲು ಹೋದವರು ಮೊದಲನೆಯದನ್ನೂ ಕಳೆದುಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಚಳಿಗಾಲದ ಒಂದು ಶುಕ್ರವಾರ, ಜುಮ್ಮಾ ನಮಾಜಿನ ನಂತರ, ಹೇಳದೆ ಕೇಳದೆ ಅಬೂ ನಾಸರ್ ಬಂದರು. ಜೊತೆಗೆ ಕುವೈತಿನಿಂದ ಬಂದ ಒಬ್ಬ ಗೆಳೆಯರು, ಅವರಿಗೂ ಹಳೇ ಕಾರುಗಳ ಹುಚ್ಚು. ಅಪ್ಪ ಗಂಜಿಯ ತಟ್ಟೆ ಬಿಟ್ಟು ಎದ್ದು, ಕೈ ತೊಳೆದು, ಪ್ಯಾಂಟು ಏರಿಸಿಕೊಂಡು ಓಡುವಷ್ಟರಲ್ಲಿ ಅವರು ಬೀದಿಬಾಗಿಲು ತೆರೆದಾಗಿತ್ತು. ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಬೂ ನಾಸರ್ ತಾವೇ ಕಾರನ್ನು ಹೊರಗೆ ತೆಗೆದರು. ಓಣಿಯ ದರ್ಜಿಗಳೆಲ್ಲ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದರು. ಆ ಸಣ್ಣ ಸಿಳ್ಳೆ ಎದ್ದು, ತಿರುವಿನಾಚೆಗೆ ಹೋಗಿ, ಕೇಳಿಸದಾಯಿತು. ನಿಂತಲ್ಲೇ ನಿಂತಿದ್ದ ಕಾರು ಓಡುವುದನ್ನು ನಾನು ಮೊದಲ ಸಲ ನೋಡಿದ್ದು ಅಂದು. ಚಪ್ಪಾಳೆ ತಟ್ಟುವಷ್ಟು ಸಂತೋಷವಾಗಿ ತಿರುಗಿದರೆ ಅಪ್ಪ ಗೋಡೆಗೆ ಕೈ ಕೊಟ್ಟು ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ.

"ಡಬ್ಬಿ?" ಎಂದಳು ಅಮ್ಮ, ಅಷ್ಟೇ.

ಅವರು ಕಡಲಬದಿಯ ಕಾರ್ನಿಶ್ ರಸ್ತೆ ಸುತ್ತಿ, ಎಲ್ಲೋ ಬಿಸಿಲಲ್ಲಿ ನಿಲ್ಲಿಸಿ ಚಹಾ ಕುಡಿದು ಬಂದಿರಬೇಕು. ಚಳಿಗಾಲವಾದರೂ ದೋಹಾದ ನಡುಹಗಲು ನಡುಹಗಲೇ. ಎರಡು ವರ್ಷ ತಂಪಿನಲ್ಲಿದ್ದ ತಗಡಿನ ಬಾಲ ಕಾದು, ಒಳಗಿನ ಡಬ್ಬಿಯೂ ಕಾದಿತ್ತು. ಓಡುವಾಗ ಮೇಲೆ ಕ್ಯಾನ್ವಾಸು ಇಲ್ಲದ್ದರಿಂದ ಗಾಳಿ ಎಲ್ಲವನ್ನೂ ಹಿಂದಕ್ಕೆ ಎಸೆದಿದ್ದರೂ ಮನೆಯ ಎದುರು ಬಂದು ಎಂಜಿನ್ ನಿಲ್ಲಿಸಿದ್ದೇ ವಾಸನೆ ಎದ್ದಿತು. ಒಳಗೆ ಓಣಿಕೋಣೆಯ ಬಾಗಿಲ ಮರೆಯಲ್ಲಿ ನಿಂತ ನನಗೂ ಅಮ್ಮನಿಗೂ ಗೊತ್ತಾಯಿತು. ಅದಕ್ಕಿಂತ ಮೊದಲು ಬೀದಿಯ ಬೆಕ್ಕುಗಳಿಗೆ ಗೊತ್ತಾಗಿತ್ತು. ಕಸದ ತೊಟ್ಟಿಯ ಹಿಂದಿನಿಂದ, ದರ್ಜಿ ಅಂಗಡಿಯ ಮೆಟ್ಟಿಲಿನಿಂದ, ಗೋಡೆಯ ಮೇಲಿಂದ ಅವು ಬಂದವು. ಒಂದು ಹಂಡಬಂಡ ಬೆಕ್ಕು ಆ ದಂತಬಣ್ಣದ ಬಾಲದ ಮೇಲೆ ಹಾರಿ ಕುಳಿತು, ತನ್ನ ಮನೆಯೇ ಎಂಬಂತೆ ಕೂಗತೊಡಗಿತು. ಕುವೈತಿನವರು ತಲೆವಸ್ತ್ರದ ತುದಿಯಿಂದ ಮೂಗು ಮುಚ್ಚಿಕೊಂಡು ಇಳಿದರು. ಅವರು ಅರಬಿಯಲ್ಲಿ ಏನೋ ಅಂದು ನಕ್ಕರು. ಶಾಲೆಯಲ್ಲಿ ಕಲಿತ ಅರಬಿಯಿಂದ ನನಗೆ ಅಷ್ಟು ಅರ್ಥವಾಯಿತು: ನಿನ್ನ ಅಮೆರಿಕದ ರಾಣಿ ಮೀನು ಹಿಡಿಯಲು ಹೋಗಿದ್ದಳೇ?

ಅಬೂ ನಾಸರ್ ನಗಲಿಲ್ಲ. ಅತಿಥಿಯ ಎದುರು ತಲೆ ತಗ್ಗಿದ್ದು ಅವರ ಕೊರಳಿನಲ್ಲಿ ಕಾಣುತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ಅಪ್ಪ ನುಗ್ಗಿದ. ಬೆಕ್ಕನ್ನು ಓಡಿಸಿ, ಸೀಟಿನ ಬೆನ್ನು ಮಡಚಿ, ಒಳಗೆ ಕೈಹಾಕಿ ಡಬ್ಬಿಯನ್ನು ಹೊರಗೆಳೆದು ಬೆನ್ನ ಹಿಂದೆ ಹಿಡಿದುಕೊಂಡ. ಆಮೇಲೆ ನಕ್ಕ. ಯಜಮಾನರ ಎದುರು ಮಾತ್ರ ನಗುತ್ತಿದ್ದ ಒಂದು ನಗೆ ಅವನಲ್ಲಿತ್ತು, ಹಲ್ಲು ಕಾಣುತ್ತಿತ್ತು, ಕಣ್ಣು ಸೇರುತ್ತಿರಲಿಲ್ಲ.

"ಶಿನು ಹಾದಾ, ವಾಸು?" ಎಂದರು ಅಬೂ ನಾಸರ್. ಏನಿದು? ಅವರ ದನಿ ಏರಲಿಲ್ಲ, ಅಂಗಡಿಯ ಮುರುಕು ಹಿಂದಿಗೆ ತಿರುಗಿದರು. "ಯೇ ಕಿಸ್‌ಕಾ ಕಾಮ್?" ಇದು ಯಾರ ಕೆಲಸ?

"ಬಾಬಾ, ಔರತ್ ಹೈ," ಎಂದ ಅಪ್ಪ. "ಮೇರಾ ಔರತ್. ಗಾಂವ್ ಕಾ ಔರತ್, ಪಢಾ ನಹೀಂ, ಮುಖ್ ಮಾಫಿ. ಮೈ ಬೋಲಾ ಮತ್ ರಖೋ, ಫಿರ್ ಭೀ ರಖಾ."

ಮುಖ್ ಮಾಫಿ ಎಂದರೆ ತಲೆಯಲ್ಲಿ ಮಿದುಳಿಲ್ಲ. ಹಳ್ಳಿಯವಳು, ಓದು ಬರಹವಿಲ್ಲ, ತಲೆಯಿಲ್ಲ, ಇಡಬೇಡ ಎಂದರೂ ಇಟ್ಟಳು. ಚಹಾದ ತಟ್ಟೆ ಹಿಡಿದು ಬಾಗಿಲ ಮರೆಯಲ್ಲಿ ನಿಂತ ಅಮ್ಮನ ಕೈಯಲ್ಲಿ ಲೋಟಗಳು ಸಣ್ಣಗೆ ಒಂದಕ್ಕೊಂದು ತಾಗಿದವು. ಅಬೂ ನಾಸರ್ ಆ ಸದ್ದಿನ ಕಡೆಗೆ ಒಮ್ಮೆ ತಿರುಗಿ, ಕೂಡಲೇ ಕಣ್ಣು ತೆಗೆದು ನೆಲ ನೋಡಿದರು. ಕುವೈತಿನವರ ನಗೆಯೂ ನಿಂತಿತು. ಪರಗಂಡಸರ ಎದುರು ಒಬ್ಬನ ಹೆಂಡತಿಯ ಮಾತು ಬಂದರೆ ಅಲ್ಲಿನ ಮರ್ಯಾದಸ್ಥರು ಅದನ್ನು ಎತ್ತಿ ಆಡುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಕೇಳಿದರೆ ಕೇಳಿದವನಿಗೇ ಅವಮಾನ.

"ಖಲಾಸ್," ಎಂದರು ಅಬೂ ನಾಸರ್. "ಖಲಾಸ್, ಖಲಾಸ್. ಸಾಫ್ ಕರೋ. ಯಲ್ಲಾ." ಮುಗಿಯಿತು, ಚೊಕ್ಕ ಮಾಡು ಎಂದಷ್ಟೇ ಹೇಳಿ, ಗೆಳೆಯರ ತೋಳು ಹಿಡಿದು ತಮ್ಮ ಕಾರಿನ ಕಡೆ ನಡೆದುಬಿಟ್ಟರು.

ಒಳಗೆ ಬಂದ ಅಪ್ಪ ಗೆದ್ದವನ ಹಾಗಿದ್ದ. ಅರ್ಧಕ್ಕೆ ಬಿಟ್ಟ ಗಂಜಿಗೆ ಪುನಃ ಕೂತ.

"ನೋಡಿದ್ಯಾ? ನಿನ್ನ ಹೆಸರು ಬಂದದ್ದೇ ಬಾಯಿ ಬಂದ್. ಹೆಂಗಸರ ವಿಷಯ ಅವರು ಮಾತಾಡುದೇ ಇಲ್ಲ, ನಂಗೆ ಗೊತ್ತುಂಟು. ನಾನೇ ಇಟ್ಟದ್ದು ಅಂತ ಹೇಳಿದ್ರೆ ಇವತ್ತೇ ಚಾಪೆ ಸುತ್ಬೇಕಿತ್ತು. ಮನೆ ಉಳೀತು ಮಾರಾಯ್ತಿ!"

ಅಮ್ಮ ಚಹಾದ ಲೋಟಗಳನ್ನು ಒಂದೊಂದಾಗಿ ತೊಟ್ಟಿಗೆ ಚೆಲ್ಲುತ್ತಿದ್ದಳು.

"ಹೌದು," ಎಂದಳು. "ಅವರ ಮರ್ಯಾದೆ ನಿಮಗೆ ಚಂದ ಗೊತ್ತುಂಟು."

ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಅಪ್ಪ ಅಂದು ಮಾಡಿದ್ದು ದೊಡ್ಡ ಕಸುಬುಗಾರಿಕೆ. ಎದುರಿನವನು ಎಲ್ಲಿ ಮಾತು ನಿಲ್ಲಿಸುತ್ತಾನೆ ಎಂದು ತಿಳಿದು, ಅವನನ್ನು ಅಲ್ಲಿಗೇ ಒಯ್ದು ನಿಲ್ಲಿಸುವುದು. ನಾನು ಇಂದಿಗೂ ಅದನ್ನೇ ಮಾಡಿ ಅನ್ನ ತಿನ್ನುತ್ತೇನೆ. ಆದರೆ ಅಂದು ಆ ಓಣಿಕೋಣೆಯಲ್ಲಿ ನಿಂತ ನನಗೆ ಅಪ್ಪನ ತಟ್ಟೆಯ ಕಡೆ ನೋಡಲಾಗಲಿಲ್ಲ. ಊರಿಗೆ ಕಾಗದ ಬರೆಯುವಾಗ ಎರಡು ಸಲ ಅಮ್ಮನ ಬಳಿ ಕಾಗುಣಿತ ಕೇಳುತ್ತಿದ್ದವನು ಅವಳನ್ನೇ ಓದು ಬಾರದವಳೆಂದಿದ್ದ. ಅಮ್ಮನ ಪರವಾಗಿ ನಾಚಿಕೆ, ಅಪ್ಪನ ಪರವಾಗಿ ನಾಚಿಕೆ, ಮನೆ ಉಳಿದದ್ದಕ್ಕೆ ನನ್ನೊಳಗೆ ಸಂತೋಷವೂ ಇತ್ತಲ್ಲ, ಅದಕ್ಕೊಂದು ನಾಚಿಕೆ. ಮರುದಿನ ಶಾಲೆಗೆ ಹೋಗಬಹುದು, ಅದೇ ಬಸ್ಸು, ಅದೇ ಗೆಳತಿಯರು. ಆ ಸಂತೋಷವನ್ನು ಯಾರಿಗೂ ಕಾಣದ ಹಾಗೆ ಅದುಮಿಟ್ಟುಕೊಂಡೆ.

ಮುಂದಿನ ವಾರ ಮನೆಯೆದುರು ಒಂದು ಪಿಕಪ್ ನಿಂತಿತು. ಅಬೂ ನಾಸರರ ಹೆಂಡತಿ ಕಳಿಸಿದ್ದು: ಹೊಚ್ಚಹೊಸ, ಆಳುದ್ದದ, ಮೇಲೆ ಮುಚ್ಚಳವಿದ್ದ ಪೆಟ್ಟಿಗೆ ಫ್ರೀಜರು. ಮನೆಯ ಹೆಂಗಸಿಗೆ ಎಂದು ಡ್ರೈವರು ಹೇಳಿದ. ಅಪ್ಪನ ಸಂಭ್ರಮ ಹೇಳತೀರದು.

"ಬೈಗಳು ಬರ್ಬೇಕಾದಲ್ಲಿ ಬಹುಮಾನ! ಈಗ ಹೇಳು, ಯಾರಿಗೆ ಮುಖ್ ಮಾಫಿ?"

ಫ್ರೀಜರು ಅಡುಗೆಮನೆಯೊಳಗೆ ಹೋಗಲು ಜಾಗವಿಲ್ಲದೆ ಓಣಿಕೋಣೆಯಲ್ಲೇ ಉಳಿಯಿತು. ನಾವೆಲ್ಲ ಅಡ್ಡವಾಗಿ ನಡೆಯಲು ಕಲಿತೆವು. ಅಪ್ಪ ಅದಕ್ಕೆ ಅಂಜಲ್, ಬಂಗುಡೆ ತಂದು ತುಂಬಿದ. ನನಗೆ ಅದರ ಮುಚ್ಚಳವೇ ಓದುವ ಮೇಜಾಯಿತು, ಬರೆಯುವಾಗ ಪುಸ್ತಕ ಸಣ್ಣಗೆ ನಡುಗುತ್ತಿತ್ತು. ಅಮ್ಮ ದಿನಾ ಅದನ್ನು ಒರೆಸುತ್ತಿದ್ದಳು, ತಾನಾಗಿ ಒಂದು ದಿನವೂ ತೆರೆಯಲಿಲ್ಲ. ಅಪ್ಪ ಮೀನು ತೆಗೆದುಕೊಟ್ಟರೆ ಸಾರು ಮಾಡಿ ಬಡಿಸುತ್ತಿದ್ದಳು. ಅಬೂ ನಾಸರ್ ಬಂದರೆ ಚಹಾ ಮಾಡುತ್ತಿದ್ದಳು, ಆದರೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ತಾನು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಬಟ್ಟೆ ಮಡಚುತ್ತಾ ತೀರ ಸಾಧಾರಣ ಮಾತಿನಂತೆ ಹೇಳಿದಳು.

"ನನಗೆ ಬೇರೆ ಎಂತದೂ ಬೇಡ. ಆ ಮೀನು ನಾನು ಇಟ್ಟದ್ದಲ್ಲ ಅಂತ ಅವರಿಗೆ ಒಂದು ಮಾತು ಹೇಳಿ."

"ಹುಚ್ಚಾ ನಿಂಗೆ? ಮುಗಿದ ಕತೆ ಅದು."

"ಅವರಿಗೆ ಮುಗೀತು. ನಾನು ದಿನಾ ಇಲ್ಲಿ ಇರುದು."

ಅಪ್ಪ ಯೋಚಿಸಿದ. ಗಿರಾಕಿಗೆ ಮಾಲು ಕೊಡಲು ಮನಸ್ಸಿಲ್ಲದಾಗ ವಾಯಿದೆ ಹಾಕುವುದು ಅವನ ರೂಢಿ.

"ಹೇಳ್ತೇನೆ. ಈ ಮನೆ ಬಿಡುವ ದಿನ ಹೇಳ್ತೇನೆ, ನಿನ್ನ ಎದುರೇ. ಆಗ ಕಳಕೊಳ್ಳುವಂಥಾದ್ದು ಏನೂ ಇರುದಿಲ್ಲ. ಸಾಕಾ?"

"ಸಾಕು," ಎಂದಳು ಅಮ್ಮ, ಮಡಚಿದ ಅಂಗಿಯನ್ನು ಮತ್ತೆ ಬಿಡಿಸಿ ಮಡಚುತ್ತಾ.

ಆ ದಿನ ಬರಲು ಇನ್ನೂ ಮೂರು ವರ್ಷ ಹಿಡಿಯಿತು. ನಮ್ಮ ಓಣಿಯ ಹಳೇ ಮನೆಗಳ ಗೋಡೆಗಳ ಮೇಲೆ ಒಂದೊಂದಾಗಿ ಕೆಂಪು ಬಣ್ಣದ ಗುರುತು ಬಿತ್ತು. ಎಲ್ಲವನ್ನೂ ಕೆಡವಿ ದೊಡ್ಡ ಕಟ್ಟಡ ಎಬ್ಬಿಸುತ್ತಾರೆಂದು ಸುದ್ದಿ. ದರ್ಜಿಗಳು ಹೋದರು, ಮೂಲೆಯ ಚಹಾದ ಅಂಗಡಿ ಹೋಯಿತು. ಅಬೂ ನಾಸರ್ ಅಪ್ಪನನ್ನು ಕರೆದು ಮನೆ ಖಾಲಿ ಮಾಡಲು ಹೇಳಿದರು, ನೌಕರಿ ಹಾಗೆಯೇ ಇರುತ್ತದೆ ಎಂದರು. ಬಾಡಿಗೆ ಕೊಟ್ಟು ಸಂಸಾರ ಇಡುವುದು ಅಪ್ಪನಿಂದ ಆಗದ ಮಾತು. ನಾನೂ ಅಮ್ಮನೂ ಊರಿಗೆ ಹೋಗುವುದು ಎಂದಾಯಿತು. ಅಷ್ಟು ವರ್ಷ ಹಿಡಿದಿಟ್ಟುಕೊಂಡದ್ದು ಹಾಗೆ ಕೈಬಿಟ್ಟು ಹೋಗುವಾಗ ನಾನು ಅತ್ತುಬಿಟ್ಟೆ, ಅಮ್ಮ ಅಳಲಿಲ್ಲ. ಸಾಮಾನು ಕಟ್ಟುವಾಗ ಅವಳ ಕೈ ಚುರುಕಾಗಿತ್ತು. ಹೊರಡುವ ದಿನ ಅವಳು ಮದುವೆಗೆ ಉಡುವಂಥ ಒಂದು ಸೀರೆ ಉಟ್ಟು, ತಲೆ ಬಾಚಿ, ಬೆಳಿಗ್ಗೆಯೇ ಸಿದ್ಧಳಾಗಿ ಕೂತಳು. ಏಕೆಂದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಕಾರನ್ನು ಒಯ್ಯಲು ಚಪ್ಪಟೆ ಲಾರಿ ಬಂತು, ಹಿಂದೆಯೇ ಅಬೂ ನಾಸರ್ ಬಂದರು. ಕಾರನ್ನು ಹಗ್ಗದಲ್ಲಿ ಮೆಲ್ಲನೆ ಮೇಲಕ್ಕೆಳೆದು, ಚಕ್ರಗಳಿಗೆ ಪಟ್ಟಿ ಬಿಗಿದು, ಮೈಮೇಲೆ ಬಟ್ಟೆ ಹೊದಿಸಿದರು. ಮಜ್ಲಿಸ್‌ನ ರತ್ನಗಂಬಳಿಯ ಮೇಲೆ ನಾಲ್ಕು ಚಕ್ರದ ತಗ್ಗು ಉಳಿದಿತ್ತು. ಅಮ್ಮ ಓಣಿಕೋಣೆಯ ಬಾಗಿಲು ದಾಟಿ, ಗಂಡಸರು ನಿಲ್ಲುವ ಆ ಚಾವಡಿಯೊಳಗೆ ಬಂದು, ಗೋಡೆಯ ಬದಿಗೆ ನಿಂತಳು. ನಾನು ಅವಳ ಪಕ್ಕ. ಅಪ್ಪ ಒಮ್ಮೆ ಗಂಟಲು ಸರಿಮಾಡಿದ.

"ಬಾಬಾ, ಏಕ್ ಬಾತ್ ಹೈ. ವೋ ಮಚ್ಛೀ... ಉಸ್ ದಿನ್ ಗಾಡಿ ಮೇ ಮಚ್ಛೀ..."

ಅಂದು ಕಾರಿನಲ್ಲಿದ್ದ ಮೀನಿನ ಮಾತು ಪೂರ್ತಿಯಾಗುವ ಮೊದಲೇ ಅಬೂ ನಾಸರ್ ಕೈ ಎತ್ತಿದರು. ಸಿಟ್ಟಿನಿಂದಲ್ಲ, ತುಂಬ ಮಾತಾಡುವ ಮಗುವನ್ನು ನಿಲ್ಲಿಸುವ ಹಾಗೆ.

"ಮಾಲೂಮ್," ಎಂದರು. "ಉಸೀ ದಿನ್ ಮಾಲೂಮ್. ಮೈ ಪೂಛಾ ನಹೀಂ, ತುಮ್ಹಾರಾ ಹಾಥ್ ಪಹಲೇ ಗಯಾ."

ಅಂದೇ ಗೊತ್ತಿತ್ತು. ವಾಸನೆ ಎಲ್ಲಿಂದ ಎಂದು ನಾನು ಹುಡುಕುವ ಮೊದಲೇ ನಿನ್ನ ಕೈ ನೆಟ್ಟಗೆ ಆ ಜಾಗಕ್ಕೆ ಹೋಗಿತ್ತು. ಅಬೂ ನಾಸರ್ ಅದೇ ಮೆತ್ತನೆಯ ದನಿಯಲ್ಲಿ ಕೇಳಿದರು.

"ಆಜ್ ಕ್ಯೂಂ ಬೋಲ್ತಾ, ವಾಸು? ಆಜ್ ತೋ ಘರ್ ಖಲಾಸ್."

ಇಂದು ಯಾಕೆ ಹೇಳುತ್ತೀ, ಇಂದು ಮನೆಯೇ ಮುಗಿಯಿತಲ್ಲ. ಅಷ್ಟು ಮಾತುಗಾರ ಅಪ್ಪ ರತ್ನಗಂಬಳಿಯ ಮೇಲಿನ ಚಕ್ರದ ತಗ್ಗನ್ನು ಕಾಲಿನಿಂದ ಸವರಿದ. ಆ ಕ್ಷಣಕ್ಕೆ ನನಗೆ ಎಲ್ಲವೂ ತಿರುಗಿ ಕಂಡಿತು. ಜಾಣತನದಿಂದ ಉಳಿಸಿಕೊಂಡೆವೆಂದು ನಾವು ನಂಬಿದ್ದ ಮನೆಯಲ್ಲಿ ಮೂರು ವರ್ಷ ಇದ್ದದ್ದು ಅವರು ನೋಡಿಯೂ ನೋಡದ ಹಾಗೆ ಇದ್ದುದರಿಂದ. ನನ್ನ ಪುಸ್ತಕದ ಅಡಿಯಲ್ಲಿ ನಡುಗುತ್ತಿದ್ದ ಆ ಫ್ರೀಜರು ಬಹುಮಾನವೂ ಅಲ್ಲ, ದಾನವೂ ಅಲ್ಲ. ಅಪ್ಪ ಅಮ್ಮನ ಬಳಿ ಕೇಳದೆ ಉಳಿಸಿದ ಕ್ಷಮೆಯನ್ನು ಅವನ ಪರವಾಗಿ ಆ ಮನೆಯವರು ಕೇಳಿ ಕಳಿಸಿದ್ದು. ಅಬೂ ನಾಸರ್ ಅಮ್ಮನ ಕಡೆ ನೋಡಲಿಲ್ಲ. ಬಲಗೈಯನ್ನು ಎದೆಯ ಮೇಲಿಟ್ಟು, ನೆಲ ನೋಡುತ್ತಾ, "ಉಮ್ ಸುಜಾತಾ ಕೋ ಮೇರಾ ಸಲಾಂ ಬೋಲೋ," ಎಂದು ಅಪ್ಪನಿಗೆ ಹೇಳಿ ಹೊರಗೆ ನಡೆದರು. ಉಮ್ ಸುಜಾತಾ, ಸುಜಾತಳ ತಾಯಿ. ಆ ದೇಶದವರು ಯಾರೊಬ್ಬರೂ ನನ್ನ ಅಮ್ಮನನ್ನು ಅದುವರೆಗೆ ಹಾಗೆ ತಮ್ಮವರ ಮರ್ಯಾದೆಯಲ್ಲಿ ಕರೆದಿರಲಿಲ್ಲ.

ಲಾರಿ ಹೊರಟಿತು. ಖಾಲಿ ಮಜ್ಲಿಸ್‌ನಲ್ಲಿ ಎ.ಸಿ. ಇನ್ನೂ ಓಡುತ್ತಿತ್ತು, ನಾವು ಮೂವರು ಆ ತಂಪಿನ ನಡುವೆ ನಿಂತಿದ್ದೆವು. ಅಪ್ಪ ಅಮ್ಮನ ಕಡೆ ತಿರುಗಿದ.

"ಹೇಳಿದೆನಲ್ಲ?" ಎಂದ. "ನಿನ್ನ ಎದುರೇ ಹೇಳಿದೆನಲ್ಲ?"

"ಹೇಳಿದ್ರಿ," ಎಂದಳು ಅಮ್ಮ. "ಈಗ ಆ ಮಾತನ್ನು ತಗೊಳ್ಳುವವರು ಇರ್ಲಿಲ್ಲ, ಅಷ್ಟೆ."

ಅವಳು ಕೈಚೀಲ ಎತ್ತಿಕೊಂಡು, ಗಂಡಸರು ಬರುವ ಆ ದೊಡ್ಡ ಬಾಗಿಲಿನಿಂದಲೇ ಬೀದಿಗೆ ಇಳಿದಳು. ಅಪ್ಪ ನನ್ನತ್ತ ನೋಡಿದ, ಯಾರಾದರೊಬ್ಬರು ತನ್ನ ಪರವಾಗಿ ಒಂದು ಮಾತು ಆಡಲಿ ಎಂಬಂತೆ. ನಾನು ಚಪ್ಪಲಿಯ ಪಟ್ಟಿ ಸರಿಮಾಡುವವಳಂತೆ ಕೆಳಗೆ ಬಗ್ಗಿದೆ, ಅವನು ಹೊರಗೆ ಹೋದ ಸದ್ದು ಕೇಳುವವರೆಗೂ ತಲೆ ಎತ್ತಲಿಲ್ಲ.